ಮದುವೆಯ ಸಾಲನ್ನಿಗೆ ಹಿತ್ತಲಿನ ಬದನೆಕಾಯಿ

ನನ್ನ ನಾದಿನಿಯ ಮದುವೆ ಗಟ್ಟಿಯಾದ ದಿನ ನಾನು ಒಂದು ಮಾತು ಆಡಿದೆ. ನರಗುಂದದಿಂದ ಗಂಡಿನ ಕಡೆಯವರು ಬಂದಿದ್ದರು. ಸಕ್ಕರೆ ಹಂಚಿಯಾಗಿತ್ತು, ಮದುವೆ ಮೇ ತಿಂಗಳಲ್ಲಿ ಎಂದು ಹಿರಿಯರು ಒಪ್ಪಿಯಾಗಿತ್ತು. ಹೊರಗೆ ಇನ್ನೂ ಚಳಿಗಾಲದ ಎಳೆ ಬಿಸಿಲು. ಊಟಕ್ಕೆ ಕೂತಾಗ ಗಂಡಿನ ಸೋದರತ್ತೆ ಬಿರಿಯಾನಿಯ ಜೊತೆ ಬಡಿಸುವ ಮಸಾಲೆ ಗೊಜ್ಜಾದ ಸಾಲನ್ನಿನಿಂದ ಒಂದು ಬದನೆಕಾಯಿ ಎತ್ತಿ, ಬೆರಳಿನಿಂದ ಒತ್ತಿ ನೋಡಿ, ಇದು ಎಲ್ಲಿಯದೆಂದು ಕೇಳಿದರು. ನಮ್ಮ ಹಿತ್ತಲದ್ದು ಎಂದೆ. ಅವರು ನಕ್ಕರು. ಗಜೇಂದ್ರಗಡದ ಕಲ್ಲುನೆಲದಲ್ಲಿ ಚಳಿಗಾಲಕ್ಕೆ ಹೇಗೋ ನಾಲ್ಕು ಕಾಯಿ ಬಂದಿರಬಹುದು, ಬೇಸಿಗೆಯಲ್ಲಿ ಗಿಡವೂ ಉಳಿಯಲಿಕ್ಕಿಲ್ಲ ಎಂದರು.

“ಮದಿವಿ ದಿನಾನೂ ಇದೇ ಬದನಿಕಾಯಿ ಉಣ್ಣಸ್ತೀನ್ರಿ,” ಎಂದೆ ನಾನು. “ಸಾಲನ್ನಿಗೆ ಸಂತಿ ಕಾಯಿ ಒಂದೂ ಹಾಕಂಗಿಲ್ಲ.”

ಬಡಿಸುತ್ತಿದ್ದ ನನ್ನ ಗಂಡನ ಕೈ ಹಾಗೆಯೇ ನಿಂತಿತು. ಅವರೆಲ್ಲ ಬಸ್ಸು ಹತ್ತಿದ ಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ನೆಲವನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ಕಣ್ಣಿನಲ್ಲೇ ಅಳೆದರು. ಮದುವೆಗೆ ಊರಿನ ಅರ್ಧ ಜನ ಬರುತ್ತಾರೆ, ನಿನ್ನ ಹಿತ್ತಲು ನೋಡಿದರೆ ಡಬಲ್ ಗಾದಿಯಷ್ಟಿದೆ ಎಂದರು. ಅದು ಅಷ್ಟು ಸಣ್ಣದಿರಲಿಲ್ಲ. ಆದರೆ ಅವರಿಗೆ ಎಲ್ಲವನ್ನೂ ಗಾದಿಯ ಲೆಕ್ಕದಲ್ಲಿ ಹೇಳುವುದು ರೂಢಿ.

ನಾವು ಗಾದಿ ಮಾಡುವವರು. ಮನೆಯ ಮುಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರವಿದೆ. ನಮ್ಮ ಮನೆಯವರು ಹಿಂಜಿ ತುಂಬುತ್ತಾರೆ, ನಾನು ಪಟ್ಟೆಪಟ್ಟೆಯ ದಪ್ಪ ಬಟ್ಟೆಯಲ್ಲಿ ಗಾದಿಯ ಚೀಲ ಹೊಲಿಯುತ್ತೇನೆ. ಮನೆಯಲ್ಲಿ ಆಡುವುದು ಕನ್ನಡವೇ; ಮದುವೆಯ ಹಾಡಿಗೂ ಬೈಗುಳಕ್ಕೂ ಮಾತ್ರ ಉರ್ದು ಬೇಕಾಗುತ್ತದೆ. ನನ್ನ ತವರು ಮುಶಿಗೇರಿ. ಅಲ್ಲಿ ಅಪ್ಪ ಮಳೆ ನೋಡಿ ಬಿತ್ತುತ್ತಿದ್ದ, ಬಂದದ್ದನ್ನು ಮನೆಗೆ ತರುತ್ತಿದ್ದ. ಕಾಯಿಪಲ್ಲೆ ನರೇಗಲ್ ಸಂತೆಯಿಂದ ಬರುತ್ತಿತ್ತು. ಕೊಡದಿಂದ ನೀರು ಹಾಕಿ ಒಂದು ಗಿಡವನ್ನು ಬೇಸಿಗೆ ದಾಟಿಸಬಹುದು ಎನ್ನುವುದು ನನಗೆ ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ಗೊತ್ತಾದ ಮೇಲೆ ಬಿಡಲಿಲ್ಲ.

ಹಿತ್ತಲಿನಲ್ಲಿ ಮೊದಲು ಮಾವನ ಕಾಲದ ಒಂದು ಶೆಡ್ಡು ಇತ್ತು. ಅದು ಬಿದ್ದುಹೋದ ಮೇಲೆ ಕಲ್ಲು ಆಯ್ದು ತೆಗೆದು, ಟ್ರ್ಯಾಕ್ಟರಿನಲ್ಲಿ ಎರೆಮಣ್ಣು ಹಾಕಿಸಿ, ಕುರಿಗೊಬ್ಬರ ಬೆರೆಸಿ ನಾನೂ ನಾದಿನಿಯೂ ಅದನ್ನು ತೋಟ ಮಾಡಿದೆವು. ನಾನು ಮದುವೆಯಾಗಿ ಬಂದಾಗ ಅವಳು ಇನ್ನೂ ಸಾಲೆಗೆ ಹೋಗುವ ಹುಡುಗಿ. ಈಗ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಾತು ಕಡಿಮೆ, ಹಟ ಜಾಸ್ತಿ. ತೋಟ ಮಾಡಿದ ಮೊದಲ ವರ್ಷವೇ ನಡುವೆ ಒಂದು ಸಾಲು ಕಲ್ಲು ಇಟ್ಟು, ಅಡುಗೆಮನೆಯ ಕಡೆ ನಿಮ್ಮದು, ಗೋಡೆಯ ಕಡೆ ನನ್ನದು ಎಂದಿದ್ದಳು. ನನ್ನ ಕಡೆ ಬದನೆ, ಹೀರೆ, ಸವತೆ, ಬೆಂಡೆ, ಮೆಣಸಿನಕಾಯಿ. ಅವಳ ಕಡೆ ದುಂಡು ಮಲ್ಲಿಗೆ, ನಾಟಿ ಗುಲಾಬಿ, ಚೆಂಡು ಹೂವು, ಮತ್ತೆ ಕೆಂಪು ಹಳದಿ ಬಣ್ಣದ ಗಲಾಟೆ ಹೂವು. ಹೂವಿಗೆ ಹಾಕುವ ನೀರು ನೋಡಿ ನಾನು, ತರಕಾರಿಗೆ ಹಾಕುವ ಗೊಬ್ಬರ ನೋಡಿ ಅವಳು, ಇಬ್ಬರೂ ಒಳಗೊಳಗೇ ಗೊಣಗುತ್ತಿದ್ದೆವು.

ನನ್ನ ಮಾತು ಕೇಳಿದ ಮರುದಿನ ಅವಳೂ ತನ್ನದೊಂದು ಹೇಳಿದಳು. ನಮ್ಮ ಮನೆತನದಲ್ಲಿ ಮದುಮಗನ ಸೆಹರಾ, ಅಂದರೆ ಮುಖದ ಮುಂದೆ ಪರದೆಯ ಹಾಗೆ ಇಳಿಬಿಡುವ ಹೂಮಾಲೆ, ಹೆಣ್ಣಿನ ಕಡೆಯಿಂದ ಹೋಗಬೇಕು. ಅದನ್ನು ಅಂಗಡಿಯಿಂದ ತರುವುದು ಬೇಡ, ತನ್ನ ಮಲ್ಲಿಗೆಯಿಂದಲೇ ಕಟ್ಟಬೇಕು ಎಂದಳು. ಹೇಳಿದವಳೇ ಕತ್ತರಿ ತಂದು ಮಲ್ಲಿಗೆಯ ಪೊದೆಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿಬಿಟ್ಟಳು. ಅತ್ತೆ ನೋಡಿ ಎದೆ ಹಿಡಿದುಕೊಂಡರು. ಲಗ್ನದ ಹೂವಿನ ಗಿಡವನ್ನು ಬೋಳು ಮಾಡಿದಳಲ್ಲ ಎಂದು ಅವರಿಗೆ ದುಃಖ. ಈಗ ಬೋಳಾದರೆ ಬಿಸಿಲಿಗೆ ತುಂಬಿ ಬರುತ್ತದೆ ಎಂದು ಅವಳು ಎಷ್ಟು ಹೇಳಿದರೂ ಅವರು ನಂಬಲಿಲ್ಲ.

ನಾನು ಬದನೆಯ ಸಸಿ ಮಾಡಿ, ರಮಜಾನ್ ಶುರುವಾಗುವ ಮೊದಲೇ ನಾಟಿ ಮಾಡಿದೆ. ಹಸಿರು ಪಟ್ಟೆಯ ಗುಂಡು ಬದನೆ. ಸಾಲನ್ನಿಗೆ ಅದೇ ಆಗಬೇಕು, ಉದ್ದ ಬದನೆ ಮಸಾಲೆ ಹಿಡಿಯುವುದಿಲ್ಲ. ಆದಷ್ಟು ಒತ್ತಾಗಿ ಹಚ್ಚಿದೆ. ನಳದ ನೀರು ನಮ್ಮ ಓಣಿಗೆ ದಿನಾ ಬರುವುದಿಲ್ಲ. ಬಂದ ದಿನ ಮನೆಯಲ್ಲಿರುವ ಪಾತ್ರೆಗಳೆಲ್ಲ ತುಂಬಿರುತ್ತವೆ. ಬಟ್ಟೆ ತೊಳೆದ ನೀರು, ಅಕ್ಕಿ ತೊಳೆದ ನೀರು, ನಮಾಜಿಗೆ ಮೊದಲು ಕೈಕಾಲು ತೊಳೆದು ವಜು ಮಾಡಿದ ನೀರು ಎಲ್ಲವೂ ಒಂದು ಸಣ್ಣ ಕಾಲುವೆಯಲ್ಲಿ ಹಿತ್ತಲಿಗೆ ಹರಿಯುವ ಹಾಗೆ ಮಾಡಿದೆ. ಉಪವಾಸದ ದಿನಗಳಲ್ಲಿ ಸಂಜೆ ಮುಂದೆ ಬಾಯಿ ಒಣಗಿ ಕೂತಿರುವಾಗ ಗಿಡಕ್ಕೆ ನೀರು ಹಾಕುವುದು ಒಂದು ಸುಖ. ಮಣ್ಣು ನೀರು ಕುಡಿಯುವ ಸದ್ದು ಕೇಳಿದರೆ ನನ್ನ ಗಂಟಲೂ ತಣ್ಣಗಾಗುತ್ತಿತ್ತು.

ನೀರು ಉಳಿಸಲು ನಾನು ಒಂದು ಉಪಾಯ ಮಾಡಿದೆ. ಜನ ಹಳೆಯ ಗಾದಿ ಬಿಚ್ಚಿ ಹಿಂಜಿಸಲು ತರುತ್ತಾರೆ. ಅದರಲ್ಲಿ ಒಂದಿಷ್ಟು ಹತ್ತಿ ಗಂಟುಗಂಟಾಗಿ, ಯಂತ್ರಕ್ಕೂ ಹಾಕಲು ಬಾರದ ಹಾಗೆ ಕೆಟ್ಟಿರುತ್ತದೆ. ಅದನ್ನು ಸುಡುವ ಬದಲು ಬದನೆ ಗಿಡಗಳ ಬುಡಕ್ಕೆ ದಪ್ಪಗೆ ಹಾಸಿದೆ. ಒಮ್ಮೆ ನೀರು ಹಾಕಿದರೆ ಮೂರು ದಿನ ತಂಪು ಇರುತ್ತಿತ್ತು. ಅತ್ತೆಗೆ ಇದು ಸ್ವಲ್ಪವೂ ಸರಿಬರಲಿಲ್ಲ. ಯಾರು ಯಾರೋ ಮಲಗಿದ ಹತ್ತಿ, ಯಾವ ಯಾವ ರೋಗದವರೋ, ಅದರ ಮೇಲೆ ಬೆಳೆದದ್ದನ್ನು ಬೀಗರಿಗೆ ಉಣ್ಣಿಸುತ್ತೀಯಾ ಎಂದು ಕೇಳಿದರು. ನಾನು ಹತ್ತಿಯೂ ಗಿಡದಿಂದಲೇ ಬಂದದ್ದಲ್ಲವೇ, ತಿರುಗಿ ಗಿಡದ ಬುಡಕ್ಕೆ ಹೋಯಿತು ಅಷ್ಟೇ ಎಂದೆ. ಅವರು ಎದ್ದು ಒಳಗೆ ಹೋದರು.

ಏಪ್ರಿಲ್ ನಡುವಿಗೆ ಹಿತ್ತಲು ಉಕ್ಕಿತು. ಹೊರಗೆ ಗುಡ್ಡ ಸುಟ್ಟು ಕಂದಾಗಿತ್ತು, ಮಧ್ಯಾಹ್ನ ಓಣಿಯಲ್ಲಿ ಒಂದು ನಾಯಿಯೂ ಓಡಾಡುತ್ತಿರಲಿಲ್ಲ. ನಮ್ಮ ಹಿಂದಿನ ಬಾಗಿಲು ತೆಗೆದರೆ ಮಾತ್ರ ಹಸಿರು ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಹೀರೆಯ ಬಳ್ಳಿ ಹಂದರ ದಾಟಿ ಬಚ್ಚಲಿನ ತಗಡಿನ ಮೇಲೆ ಹತ್ತಿತು. ಸವತೆಕಾಯಿಗಳನ್ನು ಮುಂಜಾನೆ ಎಳೆಯದೆಂದು ಬಿಟ್ಟರೆ ಸಂಜೆಗೆ ತೋಳಿನಷ್ಟಾಗುತ್ತಿದ್ದವು. ದಿನಾ ಹೀರೆಕಾಯಿ ಪಲ್ಲೆ, ಹೀರೆಕಾಯಿ ಸಿಪ್ಪೆಯ ಚಟ್ನಿ, ಖೀಮಾದ ಜೊತೆಗೂ ಹೀರೆಕಾಯಿ. ಕೊನೆಗೆ ನಮ್ಮ ಮನೆಯವರು ತಾಟಿನ ಮುಂದೆ ಕೂತರೆ ಮೊದಲು ಪಾತ್ರೆಯ ಮುಚ್ಚಳ ಎತ್ತಿ ನೋಡುವ ಹಾಗಾಯಿತು. ರಾಜೂರಿಗೋ ನರೇಗಲ್ಲಿಗೋ ಗಾದಿ ಮುಟ್ಟಿಸಲು ಹೋಗುವಾಗ ಗಾದಿಯ ಸುರುಳಿಯೊಳಗೆ ನಾಲ್ಕು ಸವತೆಕಾಯಿ ಸಿಕ್ಕಿಸಿ ಕಳಿಸುತ್ತಿದ್ದೆ. ಮದುವೆಯ ಹಂಗಾಮು, ಗಾದಿ ತೆಗೆದುಕೊಂಡವರು ಸವತೆಕಾಯಿಯನ್ನೂ ಸಂತೋಷದಿಂದ ತೆಗೆದುಕೊಂಡರು. ಪಕ್ಕದ ಮನೆಯಲ್ಲಿ ಮಗ್ಗ ಇಟ್ಟುಕೊಂಡಿರುವ ಒಬ್ಬ ಹಿರಿಯ ಹೆಂಗಸು ಇದ್ದಾರೆ, ನಾವೆಲ್ಲ ಕಾಕು ಎನ್ನುತ್ತೇವೆ. ಅವರ ಮನೆಗೆ ಒಂದು ಬುಟ್ಟಿ ಹೋದರೆ ಅದೇ ಬುಟ್ಟಿಯಲ್ಲಿ ಕಟಕ ರೊಟ್ಟಿ ಬರುತ್ತಿತ್ತು.

ಮಲ್ಲಿಗೆಯೂ ನಾದಿನಿ ಹೇಳಿದ ಹಾಗೆಯೇ ತುಂಬಿ ಬಂತು. ಸಂಜೆ ಅವಳು ಕೆಲಸದಿಂದ ಬಂದವಳೇ ಸೀರೆಯ ಸೆರಗಿನಲ್ಲಿ ಮೊಗ್ಗು ಬಿಡಿಸುತ್ತಿದ್ದಳು. ಅತ್ತೆಗೆ ಪರೀಕ್ಷೆಗೆಂದು ಒಂದು ಮೊಳ ಕಟ್ಟಿ ಕೊಟ್ಟಳು. ಅತ್ತೆ ಅದನ್ನು ಮೂಸಿ ನೋಡಿ, ಪರವಾಗಿಲ್ಲ ಎಂದು ದಿಂಬಿನ ಪಕ್ಕ ಇಟ್ಟುಕೊಂಡರು. ಮರುದಿನ ಸಂಜೆ ಹೂವು ತಡವಾದಾಗ ತಾವೇ ಕೇಳಿದರು.

ತೊಂದರೆಗಳು ಇದೇ ಹೊತ್ತಿಗೆ ಒಂದರ ಹಿಂದೆ ಒಂದು ಬಂದವು. ಮೊದಲನೆಯದು ನನ್ನ ಉಪಾಯದಿಂದಲೇ ಬಂತು. ಬುಡದಲ್ಲಿ ಹಾಸಿದ ಮೆತ್ತನೆಯ ಹತ್ತಿಯಲ್ಲಿ ಇಲಿಗಳು ಮನೆ ಮಾಡಿದ್ದವು. ಒಂದು ದಿನ ಬಾಗಿ ಹತ್ತಿ ಸರಿಸಿದರೆ ಒಳಗೆ ಗುಲಾಬಿ ಬಣ್ಣದ ಮರಿಗಳು ಒಂದರ ಮೇಲೊಂದು ಮಲಗಿದ್ದವು. ನೆಲಕ್ಕೆ ತಾಗಿದ ಬದನೆಕಾಯಿಗಳನ್ನೆಲ್ಲ ತಾಯಿ ಇಲಿ ಕೆಳಗಿನಿಂದ ಕೊರೆದು ತಿಂದಿತ್ತು. ಮೇಲಿನಿಂದ ನೋಡಿದರೆ ಕಾಯಿ ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿಯನ್ನೆಲ್ಲ ತೆಗೆದು ಬಿಸಿಲಿಗೆ ಹರಡಿ, ಅರ್ಧ ಕೈ ಉದ್ದದ ಚೀಲಗಳಲ್ಲಿ ಬಿಗಿಯಾಗಿ ತುಂಬಿ ಬಾಯಿ ಹೊಲಿದು, ಸಣ್ಣ ದಿಂಬುಗಳ ಹಾಗೆ ಮಾಡಿ ಮತ್ತೆ ಬುಡಕ್ಕೆ ಇಟ್ಟೆ. ಇಲಿಗೆ ಒಳಗೆ ಹೋಗಲು ಜಾಗ ಸಿಗಲಿಲ್ಲ, ತಂಪೂ ಉಳಿಯಿತು. ನಮ್ಮ ಮನೆಯವರು ಇದನ್ನು ನೋಡಿ, ಬದನೆ ಗಿಡಕ್ಕೂ ತಲೆದಿಂಬು ಕೊಟ್ಟ ಮನೆ ನಮ್ಮದೊಂದೇ ಎಂದು ಗಿರಾಕಿಗಳಿಗೆಲ್ಲ ಹೇಳಿದರು.

ಆಮೇಲೆ ಕಾಯಿಕೊರಕ ಹುಳ. ಬದನೆಯ ಕುಡಿಗಳು ನೀರಿದ್ದರೂ ಜೋಲು ಬಿದ್ದವು. ಸೀಳಿ ನೋಡಿದರೆ ದಂಟಿನೊಳಗೆ ಬಿಳಿ ಹುಳ. ಔಷಧ ಹೊಡೆದರೆ ಹೋಗುತ್ತಿತ್ತೋ ಏನೋ, ಆದರೆ ಮದುವೆಗೆ ಕೊಡುವ ಕಾಯಿಗೆ ಹೊಡೆಯಲು ನನಗೆ ಮನಸ್ಸಾಗಲಿಲ್ಲ. ದಿನಾ ಮುಂಜಾನೆ ಜೋತುಬಿದ್ದ ಕುಡಿಗಳನ್ನು ಮುರಿದು, ತೂತು ಬಿದ್ದ ಕಾಯಿಗಳನ್ನು ಕಿತ್ತು, ಎಲ್ಲವನ್ನೂ ಒಲೆಗೆ ಹಾಕಿದೆ. ಬೇಸರದ ಕೆಲಸ. ಆದರೆ ಬಿಡದೆ ಮಾಡಿದರೆ ಕಡಿಮೆಯಾಗುತ್ತದೆ, ಕಡಿಮೆಯಾಯಿತು.

ಮದುವೆಯ ಬಟ್ಟೆ ತರಲು ನಾವೆಲ್ಲ ರೋಣಕ್ಕೆ ಹೋಗಿದ್ದ ದಿನ ಗುಡ್ಡದ ಮೇಲಿನಿಂದ ಮುಸುವಗಳು ಇಳಿದವು. ಕರಿ ಮುಖದ, ಉದ್ದ ಬಾಲದ ಆ ಹಿಂಡು ನಮ್ಮ ಓಣಿಗೆ ಹೊಸದಲ್ಲ. ಮನೆಯಲ್ಲಿ ಜನ ಇದ್ದರೆ ಮಾಳಿಗೆಯ ಮೇಲೆ ಹಾದುಹೋಗುತ್ತವೆ. ಅಂದು ಯಾರೂ ಇರಲಿಲ್ಲ. ನಾವು ಗಂಟುಗಳನ್ನು ಹೊತ್ತು ಬಂದು ಹಿಂದಿನ ಬಾಗಿಲು ತೆಗೆದಾಗ ಹಂದರ ನೆಲಕ್ಕೆ ಬಂದಿತ್ತು. ಸವತೆಯ ಬಳ್ಳಿ ಬೇರುಸಹಿತ ಕಿತ್ತು ಬಂದಿತ್ತು. ಬೆಂಡೆ ಗಿಡಗಳಲ್ಲಿ ಕಡ್ಡಿ ಮಾತ್ರ ಉಳಿದಿತ್ತು. ನಾದಿನಿಯ ಗುಲಾಬಿಯ ಮೊಗ್ಗುಗಳನ್ನೆಲ್ಲ ತಿಂದಿದ್ದವು. ಬದನೆಕಾಯಿ ಅವಕ್ಕೆ ಸೇರಲಿಲ್ಲವೆಂದು ಕಾಣುತ್ತದೆ, ಒಂದೊಂದನ್ನೇ ಕಚ್ಚಿ ನೋಡಿ ಎಸೆದಿದ್ದವು. ಮಲ್ಲಿಗೆಯನ್ನು ಮುಟ್ಟಿರಲಿಲ್ಲ.

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊಸ ಸೀರೆಯ ಗಂಟು ಮಡಿಲಿನಲ್ಲೇ ಇತ್ತು. ಆಗ ಅತ್ತೆ ನನ್ನನ್ನು ದಾಟಿಕೊಂಡು ಹಿತ್ತಲಿಗೆ ಇಳಿದರು. ಮೊಣಕಾಲು ನೋವಿನಿಂದ ಅವರು ಅಲ್ಲಿಗೆ ಕಾಲಿಟ್ಟು ವರ್ಷವಾಗಿತ್ತು. ಎಸೆದ ಕಾಯಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ನನ್ನ ಕಡೆ ತಿರುಗಿದರು.

“ನನ್ನ ಹೊರಸು ಇಲ್ಲೇ ಹಾಕ್ಸು. ಒಂದು ತಾಟು, ಒಂದು ಸೌಟು ಕೊಡು. ಮದಿವಿ ಮುಗಿಯೂತನಕ ನಾ ಇಲ್ಲೇ ಕೂಡ್ತೀನಿ.”

ಅಂದಿನಿಂದ ಅವರು ಬೇವಿನ ನೆರಳಿನಲ್ಲಿ ಹೊರಸಿನ ಮೇಲೆ ಕೂತರು. ತಸಬೀಹಿನ ಜಪಮಣಿ ಒಂದು ಕೈಯಲ್ಲಿ, ಸೌಟು ಇನ್ನೊಂದು ಕೈಯಲ್ಲಿ. ಮಾಳಿಗೆಯ ಅಂಚಿನಲ್ಲಿ ಒಂದು ಬಾಲ ಕಂಡರೆ ಸಾಕು, ತಾಟು ಬಡಿಯುವ ಸದ್ದಿಗೆ ಪಕ್ಕದ ಮನೆಯ ಮಗ್ಗವೂ ಒಮ್ಮೆ ನಿಲ್ಲುತ್ತಿತ್ತು. ಕಾವಲು ಕೂತವರು ಸುಮ್ಮನೆ ಕೂರಲಿಲ್ಲ. ಯಾವ ಗಿಡದಲ್ಲಿ ಕುಡಿ ಬಾಡಿದೆ, ಯಾವುದಕ್ಕೆ ನೀರು ಮುಟ್ಟಿಲ್ಲ ಎಂದು ನನಗೆ ಕೂಗಿ ಹೇಳತೊಡಗಿದರು. ವಾರದೊಳಗೆ ತೋಟ ಯಾರದೆಂದು ನನಗೇ ಸಂಶಯ ಬಂತು. ಬದನೆ ಗಿಡಗಳು ಮತ್ತೆ ಹೂವು ಬಿಟ್ಟು, ಗುಂಡು ಗುಂಡು ಹೀಚುಗಳು ಕೂತವು. ಮದುವೆಯ ಅಡುಗೆಗೆ ಗೊತ್ತು ಮಾಡಿದ್ದ ಬಾವರ್ಚಿ ಒಮ್ಮೆ ಬಂದು ನೋಡಿ, ಇನ್ನು ಹದಿನೈದು ದಿನ ಹೀಗೇ ನಿಂತರೆ ಸಾಲನ್ನಿಗೆ ಸಾಕಾಗುತ್ತದೆ ಎಂದ. ನಾನು ಅದನ್ನು ನಮ್ಮ ಮನೆಯವರಿಗೆ ಎರಡು ಸಲ ಹೇಳಿದೆ.

ಹದಿನೈದು ದಿನ ನಿಲ್ಲಲಿಲ್ಲ. ಮದುವೆಗೆ ಇನ್ನು ಸ್ವಲ್ಪವೇ ದಿನ ಇರುವಾಗ ಒಂದು ಮಧ್ಯಾಹ್ನ ಗಾಳಿ ನಿಂತುಹೋಯಿತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳೂ ನಿಂತಿದ್ದವು. ನಾಲ್ಕರ ಸುಮಾರಿಗೆ ಪಶ್ಚಿಮದ ಮೋಡ ತಾಮ್ರದ ಬಣ್ಣಕ್ಕೆ ತಿರುಗಿತು. ಪ್ರತಿ ವರ್ಷ ಈ ದಿನಗಳಲ್ಲಿ ಅಡ್ಡಮಳೆ ಬರುವುದುಂಟು, ಬಂದರೆ ಗಿಡಕ್ಕೆ ಒಳ್ಳೆಯದೇ ಎಂದುಕೊಂಡೆ. ನಾದಿನಿ ಆ ದಿನದಿಂದ ರಜೆ ಹಾಕಿ ಮನೆಯಲ್ಲಿದ್ದಳು. ಮೊದಲ ಗಾಳಿಗೇ ಬಚ್ಚಲಿನ ತಗಡು ಎದ್ದು ಬಡಿಯಿತು. ಆಮೇಲೆ ತಗಡಿನ ಮೇಲೆ ಯಾರೋ ಕಲ್ಲು ಎಸೆದ ಹಾಗೆ ಒಂದು ಸದ್ದು, ಇನ್ನೊಂದು. ಅತ್ತೆ ಹೊರಸಿನಿಂದ ಏಳುತ್ತ ಆಣಿಕಲ್ಲು ಎಂದರು.

ಅವರನ್ನು ಒಳಗೆ ಕರೆತಂದು ನಾನು ತಾಡಪತ್ರಿ ಹುಡುಕಿದೆ. ತಾಡಪತ್ರಿ ಮನೆಯಲ್ಲಿರಲಿಲ್ಲ, ಮಳೆ ಬಂದೀತೆಂದು ನಮ್ಮ ಮನೆಯವರು ಗಾದಿಗಳ ಮೇಲೆ ಹೊದಿಸಿಕೊಂಡು ರಾಜೂರಿಗೆ ಹೋಗಿದ್ದರು. ಕೈಗೆ ಸಿಕ್ಕಿದ ಚಾದರ ತೆಗೆದರೆ ಅದು ತೆಳುವು, ಆಲಿಕಲ್ಲು ಹರಿದುಕೊಂಡು ಹೋಗುತ್ತದೆ. ದಪ್ಪ ಬಟ್ಟೆ ಎಂದರೆ ಮನೆಯಲ್ಲಿ ಇದ್ದದ್ದು ಒಂದೇ: ನಾದಿನಿಯ ಜೊತೆ ಕಳಿಸಲು ನಾನು ಹೊಲಿದಿಟ್ಟಿದ್ದ ಗಾದಿಯ ಚೀಲಗಳು, ನೀಲಿ ಬಿಳಿ ಪಟ್ಟೆಯವು. ಹತ್ತಿ ತುಂಬುವುದು ಬಾಕಿ ಇತ್ತು. ನಾನು ಅವುಗಳ ಮುಂದೆ ನಿಂತೆ, ಮುಟ್ಟಲಿಲ್ಲ. ಹಿಂದಿನಿಂದ ಅವಳು ಬಂದು ಎಲ್ಲವನ್ನೂ ಎರಡು ಕೈಯಲ್ಲಿ ಬಾಚಿಕೊಂಡಳು.

“ಅದು ನಿನ್ನ ಮದಿವಿ ಗಾದಿದು,” ಎಂದೆ.

“ಹೌದ್ರಿ, ನಂದು. ಅದಕ್ಕ ನಾ ಹೇಳ್ತೀನಿ, ನಡೀರಿ ಭಾಬಿ, ಲಗೂ.”

ಇಬ್ಬರೂ ತಲೆಯ ಮೇಲೆ ಪಾತ್ರೆ ತುಂಬುವ ಬಾಂಡೆ ಬುಟ್ಟಿ ಇಟ್ಟುಕೊಂಡು ಹೊರಗೆ ಹೋದೆವು. ಕಲ್ಲು ಬುಟ್ಟಿಯ ಮೇಲೆ ಬೀಳುವ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಇದ್ದ ಬಟ್ಟೆಯಲ್ಲಿ ಇಡೀ ತೋಟ ಮುಚ್ಚುವಂತಿರಲಿಲ್ಲ. ಅವಳು ಮಲ್ಲಿಗೆಯ ಕಡೆ ಓಡುತ್ತಾಳೆಂದು ನಾನು ಅಂದುಕೊಂಡಿದ್ದರೆ ಅವಳು ಮೊದಲ ಚೀಲವನ್ನು ನನ್ನ ಬದನೆ ಸಾಲಿನ ಮೇಲೆ ಎಸೆದು ಒಂದು ತುದಿ ಹಿಡಿದಳು. ನಾನು ಇನ್ನೊಂದು ತುದಿ ಹಿಡಿದು ಕಲ್ಲು ಹೇರಿದೆ. ಎರಡನೆಯದು ಮಲ್ಲಿಗೆಗೆ. ಮೂರನೆಯದನ್ನು ಗಾಳಿ ನಮ್ಮ ಕೈಯಿಂದ ಕಿತ್ತುಕೊಂಡು ಗೋಡೆಯಾಚೆ ಕಾಕುವಿನ ಅಂಗಳಕ್ಕೆ ಹಾಕಿತು. ಬಟ್ಟೆಯ ತುದಿಗಳನ್ನು ಒತ್ತಿ ಹಿಡಿದು ಇಬ್ಬರೂ ಕುಕ್ಕರಗಾಲಲ್ಲಿ ಕೂತೆವು. ಬೆರಳ ಗಂಟಿನ ಮೇಲೆ ಬಿದ್ದ ಕಲ್ಲಿಗೆ ಕಣ್ಣಲ್ಲಿ ನೀರು ಬಂತು. ಬಹಳ ಹೊತ್ತು ಬೀಳಲಿಲ್ಲ. ಆದರೆ ಅಷ್ಟರಲ್ಲಿ ನೆಲ ಬೆಳ್ಳಗಾಗಿತ್ತು.

ಮಳೆ ನಿಂತ ಮೇಲೆ ನೋಡಿದರೆ ಮುಚ್ಚಿದ ಒಂದು ಸಾಲು ಬದನೆ ನಿಂತಿತ್ತು. ಉಳಿದ ಸಾಲುಗಳಲ್ಲಿ ಎಲೆಗಳು ಜರಡಿಯಾಗಿದ್ದವು, ಕಾಯಿಗಳ ಮೈಯೆಲ್ಲ ಗಾಯ. ಮಲ್ಲಿಗೆಯಲ್ಲಿ ನಡುವಿನ ಪೊದೆಗಳು ಉಳಿದಿದ್ದವು. ಚೆಂಡು ಹೂವುಗಳು ಕೆಸರಿನಲ್ಲಿ ಅಂಗಾತ ಮಲಗಿದ್ದವು. ಗಲಾಟೆ ಹೂವುಗಳಿಗೆ ಮಾತ್ರ ಏನೂ ಆದ ಹಾಗೆ ಕಾಣಲಿಲ್ಲ, ತಲೆ ಕೊಡವಿ ಎದ್ದು ನಿಂತಿದ್ದವು. ಗಾದಿಯ ಬಟ್ಟೆ ಕೆಂಪು ಕಪ್ಪು ಕೆಸರಿನಲ್ಲಿ ಗುರುತು ಸಿಗದಂತಾಗಿತ್ತು. ಅತ್ತೆ ಅದನ್ನು ನೋಡಿ ಮೊದಲು ಮಗಳನ್ನು ಬೈದರು, ಆಮೇಲೆ ನನ್ನನ್ನು, ಆಮೇಲೆ ಇಬ್ಬರ ಕೈಬೆರಳು ನೋಡಿ ಅರಿಷಿಣ ಬಿಸಿ ಮಾಡಿ ತಂದರು.

ಆ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯವರು ನನಗೆ ಸಮಾಧಾನ ಹೇಳಲು ಬಂದರು. ಸಂತೆಯಿಂದ ತಂದರಾಯಿತು, ಯಾವುದು ಹಿತ್ತಲದ್ದು ಯಾವುದು ಸಂತೆಯದು ಎಂದು ಯಾರಿಗೂ ತಿಳಿಯುವುದಿಲ್ಲ ಎಂದರು. ನಾನು ಬೇಡ ಎಂದೆ. ಸಂತೆಯದನ್ನು ತನ್ನಿ, ಅದಕ್ಕೆ ನನ್ನದೇನೂ ಅಡ್ಡಿಯಿಲ್ಲ, ಆದರೆ ನಮ್ಮದು ಬೇರೆ ಪಾತ್ರೆಯಲ್ಲಿ ಆಗಬೇಕು, ಕೇಳಿದವರಿಗೆ ನಾನೇ ಹೇಳುತ್ತೇನೆ ಎಂದೆ. ನನಗೆ ಬೇಸರವಾಗಿತ್ತು ನಿಜ, ನಾಚಿಕೆಯಾಗಿರಲಿಲ್ಲ. ಆಲಿಕಲ್ಲು ನಾನು ಕರೆದದ್ದಲ್ಲ. ಅದರ ಕೆಳಗೆ ಕೂತು ಒಂದು ಸಾಲು ಗಿಡ ಉಳಿಸಿಕೊಂಡಿದ್ದು ಮಾತ್ರ ನಮ್ಮದು.

ಗಾಯವಾದ ಕಾಯಿಗಳನ್ನು ಮರುದಿನವೇ ಕಿತ್ತು ಹೋಳು ಮಾಡಿ ಒಣಗಿಸಿದೆ. ಮುರಿದ ಕೊಂಬೆಗಳನ್ನು ಕತ್ತರಿಸಿದೆ. ಮಳೆಯ ನೀರು ಕುಡಿದ ನೆಲದಲ್ಲಿ ಉಳಿದ ಗಿಡಗಳು ಆ ವಾರ ಬೆಳೆದದ್ದು ನೋಡಬೇಕಿತ್ತು; ನಾನು ಕೊಡದಿಂದ ಹಾಕಿದ ನೀರಿಗೆ ಅವು ಹಾಗೆ ಎಂದೂ ಬೆಳೆದಿರಲಿಲ್ಲ. ಗಾದಿಯ ಬಟ್ಟೆಯನ್ನು ಮೂರು ಸಲ ತೊಳೆದರೂ ಕಲೆ ಹೋಗಲಿಲ್ಲ. ಅತ್ತೆ ಹೊಸದು ಹೊಲಿ ಎಂದರು. ನಾದಿನಿ ಕೇಳಲಿಲ್ಲ. ಕಲೆಯ ಮಗ್ಗುಲು ಕೆಳಗೆ ಹಾಕಿದರೆ ಯಾರೂ ನೋಡುವುದಿಲ್ಲ, ತಾನು ಮಲಗುವ ಗಾದಿ ತನಗೆ ಗೊತ್ತಿದ್ದರೆ ಸಾಕು ಎಂದಳು. ಅದರಲ್ಲಿಯೇ ಹತ್ತಿ ತುಂಬಿದೆವು.

ಮದುವೆಯ ಮುನ್ನಾದಿನ ಮಧ್ಯಾಹ್ನವೇ ಕಾಕು ಮಗ್ಗ ನಿಲ್ಲಿಸಿ ಸೆಹರಾ ಕಟ್ಟಲು ಬಂದರು. ಉಳಿದ ಮಲ್ಲಿಗೆಯನ್ನೆಲ್ಲ ಬಿಡಿಸಿದರೂ ಎಳೆಗಳು ಬೇಕಾದಷ್ಟು ಉದ್ದ ಬರಲಿಲ್ಲ. ಕೆಳಗೆ ಗಲಾಟೆ ಹೂವು ಸೇರಿಸೋಣ ಎಂದು ಕಾಕು ಅಂದರು. ಸೆಹರಾದಲ್ಲಿ ಗಲಾಟೆ ಹೂವು ಯಾರೂ ಕಂಡಿರಲಿಲ್ಲ. ನಾದಿನಿ ಒಂದು ಎಳೆ ಕಟ್ಟಿ ಎತ್ತಿ ಹಿಡಿದು ನೋಡಿ, ಇರಲಿ ಎಂದಳು. ಆದರೂ ಗಿಡ್ಡವೇ ಆಯಿತು. ಮರುದಿನ ಮದುಮಗನ ಹಣೆಗೆ ಕಟ್ಟಿದಾಗ ಮೂಗಿನವರೆಗೆ ಬಂದು ನಿಂತಿತು. ಕೆಳಗೆ ಅವನ ಮೀಸೆಯೂ, ತಡೆದುಕೊಳ್ಳಲು ಒದ್ದಾಡುತ್ತಿದ್ದ ನಗೆಯೂ ಎಲ್ಲರಿಗೂ ಕಾಣುತ್ತಿತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆ ಮಾತ್ರ ಇದೇ ಸರಿ ಎಂದರು. ತಮ್ಮ ಲಗ್ನದಲ್ಲಿ ಇಡೀ ದಿನ ಗಂಡನ ಮುಖವೇ ಕಂಡಿರಲಿಲ್ಲವಂತೆ.

ಊಟದ ಹೊತ್ತಿಗೆ ನಾನು ನಮ್ಮ ಪಾತ್ರೆಯನ್ನು ಗಂಡಿನ ಕಡೆಯ ಹಿರಿಯ ಹೆಂಗಸರು ಕೂತ ಪಂಕ್ತಿಗೆ ನಾನೇ ಒಯ್ದೆ. ಸೋದರತ್ತೆಯ ಮುಂದೆ ಬಾಗಿ ಬಡಿಸುತ್ತ, ಕೇಳುವ ಮೊದಲೇ ಹೇಳಿದೆ.

“ಆಡಿದ್ದು ಪೂರಾ ಆಗ್ಲಿಲ್ರಿ. ಹಿತ್ತಲದ್ದು ಇದೊಂದೇ ಪಾತ್ರಿ. ಉಳಿದದ್ದು ನರೇಗಲ್ ಸಂತಿದು.”

ಅವರು ಕಾಯಿಯನ್ನು ಮುರಿದು ಬಾಯಿಗಿಟ್ಟು, ನಿಧಾನವಾಗಿ ನುಂಗಿ, ಇನ್ನೆರಡು ಹಾಕು ಎಂದು ತಾಟು ಸರಿಸಿದರು.

“ಆಣಿಕಲ್ಲು ನಮ್ಮ ಕಡೀಗೂ ಬಿದ್ದಾವವಾ. ನನ್ನ ಹಿತ್ತಲದಾಗ ಒಂದು ಗಿಡಾ ಉಳೀಲಿಲ್ಲ. ನೀ ಒಂದು ಪಾತ್ರಿ ಹ್ಯಾಂಗ ಉಳಿಸಿದಿ, ಅದನ್ನ ಹೇಳು.”

ಅವರಿಗೂ ತೋಟವಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಬಡಿಸುವುದನ್ನು ಬೇರೆಯವರಿಗೆ ಕೊಟ್ಟು ಅವರ ಪಕ್ಕದಲ್ಲಿ ಕೂತೆ. ಗಾದಿಯ ಬಟ್ಟೆಯ ಕತೆ ಹೇಳುವಾಗ ಅವರು ಹೊಸ ಸೊಸೆ ಕೂತ ಕಡೆ ಒಮ್ಮೆ ತಿರುಗಿ ನೋಡಿದರು. ಆ ನೋಟದಿಂದ ನಾದಿನಿ ಆ ಮನೆಯಲ್ಲಿ ಹೇಗಿರುತ್ತಾಳೋ ಎಂದು ನನಗಿದ್ದ ಅಳುಕು ಅರ್ಧ ಕಡಿಮೆಯಾಯಿತು. ಆಮೇಲೆ ನಾವಿಬ್ಬರೂ ಕಾಯಿಕೊರಕದ ಬಗ್ಗೆ ಎಷ್ಟು ಮಾತಾಡಿದೆವೆಂದರೆ, ವಿದಾಯಕ್ಕೆ ಹೊತ್ತಾಯಿತೆಂದು ನಮ್ಮ ಮನೆಯವರೇ ಬಂದು ಎಬ್ಬಿಸಬೇಕಾಯಿತು.

ಅವಳು ಹೋದ ಮೇಲಿನ ಮೊದಲ ವಾರ ಹಿತ್ತಲಿಗೆ ಇಳಿಯಲು ಮನಸ್ಸಾಗಲಿಲ್ಲ. ಸಂಜೆ ಗೇಟಿನ ಸದ್ದಾದರೆ ಅವಳೇ ಎನಿಸುತ್ತಿತ್ತು. ಆದರೆ ಜೂನ್ ಬಂತು, ಮಿರಗದ, ಅಂದರೆ ಮೃಗಶಿರ ನಕ್ಷತ್ರದ ಮಳೆ ಹೊತ್ತಿಗೆ ಸರಿಯಾಗಿ ಹಿಡಿಯಿತು, ಕಳೆ ಯಾರ ಮನಸ್ಸನ್ನೂ ಕೇಳದೆ ಎದ್ದಿತು. ನಾನು ಬದನೆ ಗಿಡಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಗೊಬ್ಬರ ಕೊಟ್ಟೆ. ಹಳೆಯ ಬುಡದಿಂದಲೇ ಹೊಸ ಕುಡಿಗಳು ಒಡೆದವು. ಸವತೆ ಇದ್ದ ಜಾಗಕ್ಕೆ ಅವರೆ ಬಿತ್ತಿದೆ. ಮಲ್ಲಿಗೆಗೆ ನೀರು ಹಾಕುವುದು ಈಗ ನನ್ನ ಪಾಲಿಗೆ ಬಂದಿದೆ, ಮೊದಲು ಅದಕ್ಕಾಗಿ ಗೊಣಗಿದವಳು ನಾನೇ ಎನ್ನುವುದನ್ನು ಅತ್ತೆ ದಿನಕ್ಕೊಮ್ಮೆ ನೆನಪಿಸುತ್ತಾರೆ.

ಮೊನ್ನೆ ಮುಂಜಾನೆ ನರಗುಂದದಿಂದ ಅವಳ ಫೋನು ಬಂತು. ಗಂಡನ ಮನೆಯ ಹಿಂದೆ ಒಂದು ಮೂಲೆ ಕೊಟ್ಟಿದ್ದಾರೆ, ಗುಲಾಬಿ ಹಚ್ಚಿದ್ದಳಂತೆ, ಎರೆ ನೆಲದಲ್ಲಿ ನೀರು ನಿಂತು ಬುಡ ಕೊಳೆತವಂತೆ. ನಾನು ತಡಮಾಡದೆ ಹೇಳತೊಡಗಿದೆ: ಮೊದಲು ಕಾಲುವೆ ತೆಗೆ, ಮರಳು ಹಾಕು, ಮಳೆ ಒಂದಿಷ್ಟು ಹೊಳವಾಗುವ ತನಕ ಮತ್ತೆ ಹಚ್ಚಬೇಡ. ಅವಳು ಪೂರ್ತಿ ಕೇಳಿಸಿಕೊಂಡಳು.

“ಭಾಬಿ, ಕೇಳಾಕ ಫೋನ್ ಮಾಡಿಲ್ರಿ, ಹೇಳಾಕ ಮಾಡೀನಿ,” ಎಂದಳು. “ಮಣ್ಣು ಏರಿಸಿ ಮಡಿ ಮಾಡಿ ನಿನ್ನೇನೇ ಮತ್ತ ಹಚ್ಚೀನಿ. ಎಲ್ಲಾ ಚಲೋ ನಿಂತಾವ.”

ಸರಿ, ಹಾಗಾದರೆ ಹೂವು ಬಿಟ್ಟ ಮೇಲೆ ಬರುತ್ತೇನೆ ಎಂದೆ. ಹೂವು ಬಿಡುವ ಮೊದಲೇ ಬನ್ನಿ ಎಂದಳು. ಫೋನಿಟ್ಟು ಹೊರಗೆ ಬಂದೆ. ಅವರೆಯ ಬಳ್ಳಿ ಒಂದು ಆಸರೆ ಹುಡುಕುತ್ತ ಬಟ್ಟೆ ಒಣಗಿಸುವ ಹಗ್ಗವನ್ನು ಹಿಡಿದಿತ್ತು. ಬಿಡಿಸಿ, ಕೋಲು ನೆಟ್ಟು, ಅದಕ್ಕೆ ಸುತ್ತಿಸಿ ಕಟ್ಟಿದೆ.